ಕೊಟೇಶನ್‌ನಲ್ಲಿ ಒಂದು ಸಾಲು ಹೊಡೆದು ಹಾಕಿ ನೋಡಿ

ಕಾರು ತಗೋಬೇಕು ಅಂತ ತಲೆಗೆ ಬಂದ ತಕ್ಷಣ ಎಲ್ಲರೂ ಮೈಲೇಜ್ ಎಷ್ಟು, ಏರ್‌ಬ್ಯಾಗ್ ಎಷ್ಟು, ಸನ್‌ರೂಫ್ ಇದೆಯಾ ಅಂತ ತಿಂಗಳುಗಟ್ಟಲೆ ವಿಡಿಯೋ ನೋಡುತ್ತಾರೆ. ಯಾವ ಶೋರೂಮ್ ಅನ್ನೋದನ್ನು ಮಾತ್ರ ಮನೆಗೆ ಹತ್ತಿರ ಯಾವುದು ಅಂತ ನೋಡಿ ಐದು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ. ನನಗೆ ಇದು ಪೂರ್ತಿ ಉಲ್ಟಾ ಅನಿಸುತ್ತದೆ. ಕಾರನ್ನು ಕಂಪನಿ ಮಾಡಿ ಕಳಿಸಿರುತ್ತದೆ, ಅದು ಎಲ್ಲ ಕಡೆ ಒಂದೇ. ನಿಮ್ಮ ದುಡ್ಡು ಎಲ್ಲಿ ಸೋರುತ್ತದೆ, ನಿಮಗೆ ಯಾವ ತಿಂಗಳು ತಯಾರಾದ ಗಾಡಿ ಸಿಗುತ್ತದೆ, ನಿಮ್ಮ ಹಳೇ ಕಾರಿನ ಆರ್‌ಸಿ ಯಾರ ಹೆಸರಲ್ಲಿ ಉಳಿಯುತ್ತದೆ, ಇದೆಲ್ಲ ಶೋರೂಮ್‌ನವರ ಕೈಲಿರೋದು.

2025ರಲ್ಲಿ ನಾನು ಕಾರು ತಗೊಂಡೆ. ನಮ್ಮದು ತುಮಕೂರು. ಇಲ್ಲೂ ನೋಡಿದೆ, ಬೆಂಗಳೂರಿನಲ್ಲೂ ನೋಡಿದೆ. ಶೋರೂಮ್‌ಗಳ ಹೆಸರು ಹೇಳೋದಿಲ್ಲ, ದಯವಿಟ್ಟು ಇನ್‌ಬಾಕ್ಸ್‌ನಲ್ಲೂ ಕೇಳಬೇಡಿ. ಹೆಸರು ತಗೊಂಡು ನಿಮಗೆ ಉಪಯೋಗವೂ ಇಲ್ಲ, ಯಾಕಂದ್ರೆ ಒಂದೇ ಕಂಪನಿಯ ಒಂದು ಶೋರೂಮ್ ಚಿನ್ನದಂಥ ಜನ ಇರೋ ಜಾಗ, ಇನ್ನೊಂದು ಹಗಲು ದರೋಡೆ. ಅದೇ ಶೋರೂಮ್‌ನಲ್ಲೇ ಮ್ಯಾನೇಜರ್ ಬದಲಾದ್ರೆ ಎಲ್ಲ ಬದಲಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಸ ಕಾರು ಮಾರಿದ್ದಕ್ಕೆ ಡೀಲರ್‌ಗೆ ಸಿಗೋ ಮಾರ್ಜಿನ್ ಬಹಳ ಕಡಿಮೆ. ಅಷ್ಟು ದೊಡ್ಡ ಗಾಜಿನ ಕಟ್ಟಡ, ಎಸಿ, ಸಂಬಳ, ಸ್ಟಾಕ್ ಮೇಲಿನ ಬಡ್ಡಿ ಎಲ್ಲ ಬರಬೇಕಾದ್ರೆ ಇನ್ಶೂರೆನ್ಸ್, ಲೋನು, ಆಕ್ಸೆಸರೀಸ್, ಎಕ್ಸ್‌ಟೆಂಡೆಡ್ ವಾರಂಟಿ, ಎಕ್ಸ್‌ಚೇಂಜ್ ಕಾರು, ಆಮೇಲೆ ಸರ್ವಿಸ್, ಇದರಿಂದಲೇ ಬರಬೇಕು. ಸೇಲ್ಸ್ ಹುಡುಗರಿಗೆ ಟಾರ್ಗೆಟ್ ಇರೋದೂ ಇದರ ಮೇಲೆಯೇ. ಹಾಗಾಗಿ ಇವನ್ನೆಲ್ಲ ಮಾರೋದು ಮೋಸ ಅಂತ ನಾನು ಹೇಳೋದಿಲ್ಲ. ಒಳ್ಳೆಯ ಡೀಲರ್ ಕೂಡ ಅದನ್ನೇ ಮಾರುತ್ತಾನೆ. ಅವನು ಪ್ರತಿಯೊಂದನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು ಕೊಡುತ್ತಾನೆ, ನೀವು ಪೆನ್ ತಗೊಂಡು ಒಂದು ಸಾಲು ಹೊಡೆದು ಹಾಕಿ "ಇದು ಬೇಡ" ಅಂದಾಗ "ಸರಿ" ಅನ್ನುತ್ತಾನೆ. ಕೆಟ್ಟವನು ಆ ಕ್ಷಣದಲ್ಲಿ ಮುಖ ಬದಲಾಯಿಸುತ್ತಾನೆ. ಕಾಫಿ ಕೊಟ್ಟಿದ್ದು, ಚಾಕೊಲೇಟ್ ಕೊಟ್ಟಿದ್ದು, ಗೂಗಲ್‌ನಲ್ಲಿ ಎಷ್ಟು ಸ್ಟಾರ್ ಇದೆ ಅನ್ನೋದು, ಯಾವುದನ್ನೂ ಲೆಕ್ಕಕ್ಕೆ ತಗೋಬೇಡಿ.

ನಾನು ನೋಡೋಕೆ ಶುರು ಮಾಡಿದ್ದು ಆಗಸ್ಟ್‌ನಲ್ಲಿ, ಗಣೇಶನ ಹಬ್ಬಕ್ಕೆ ಮುಂಚೆ. ಆಗಸ್ಟ್ 15ರ ಭಾಷಣದಲ್ಲಿ ಪ್ರಧಾನಿ ಜಿಎಸ್‌ಟಿ ಇಳಿಸ್ತೀವಿ ಅಂತ ಹೇಳಿಯಾಗಿತ್ತು, ಎಷ್ಟು, ಯಾವ ತಾರೀಕಿನಿಂದ ಅನ್ನೋದು ಗೊತ್ತಾಗಿರಲಿಲ್ಲ. ಬೆಂಗಳೂರಿನ ಶೋರೂಮ್‌ನವನು ದಿನಾ ಫೋನ್ ಮಾಡೋನು. "ಮೇಡಂ, ಹಬ್ಬದ ಆಫರ್ 30 ಸಾವಿರ, ಆಮೇಲೆ ಸಿಗಲ್ಲ, ಜಿಎಸ್‌ಟಿ ಎಲ್ಲ ನ್ಯೂಸ್‌ನವರು ಹೇಳೋದು ಅಷ್ಟೇ, ಇಳಿದ್ರೂ ಕಂಪನಿಯವರು ರೇಟ್ ಏರಿಸ್ತಾರೆ." ತುಮಕೂರಿನ ಹುಡುಗ ಮಾತ್ರ ಟೆಸ್ಟ್ ಡ್ರೈವ್ ಮುಗಿದ ಮೇಲೆ ಮ್ಯಾನೇಜರ್ ದೂರ ಇದ್ದಾಗ ಮೆಲ್ಲಗೆ ಹೇಳಿದ: "ಅರ್ಜೆಂಟ್ ಇಲ್ಲ ಅಂದ್ರೆ ಸ್ವಲ್ಪ ಕಾಯಿರಿ ಮೇಡಂ. ಈಗ ತಗೊಂಡು ಆಮೇಲೆ ನನ್ನ ಬೈಕೋಬೇಡಿ." ಪಾಪ, ಅವನಿಗೂ ಆ ತಿಂಗಳ ಟಾರ್ಗೆಟ್ ಇತ್ತು.

ಕಾದೆ. ಸೆಪ್ಟೆಂಬರ್ 22ಕ್ಕೆ ಹೊಸ ದರ ಬಂತು. 4 ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ 28 ಪರ್ಸೆಂಟ್ ಜಿಎಸ್‌ಟಿ, 1 ಪರ್ಸೆಂಟ್ ಸೆಸ್ಸು ಇದ್ದದ್ದು ಒಟ್ಟು 18ಕ್ಕೆ ಇಳಿಯಿತು. ನಾನು ನೋಡಿದ್ದ ಕಾರಿನ ಎಕ್ಸ್ ಶೋರೂಮ್ ಬೆಲೆ, ಅಂದ್ರೆ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರಿಸೋಕೆ ಮುಂಚಿನ ಬೆಲೆ, 10.27 ಲಕ್ಷ ಇದ್ದದ್ದು 9.40ರ ಹತ್ತಿರ ಬಂತು. ಇಲ್ಲಿ ಬಹಳ ಜನ ಗಮನಿಸದ ಇನ್ನೊಂದು ವಿಷಯ ಇದೆ. ಕರ್ನಾಟಕದ ಲೈಫ್ ಟೈಮ್ ಟ್ಯಾಕ್ಸ್ (ಒಂದೇ ಸಲ ಕಟ್ಟೋ ರೋಡ್ ಟ್ಯಾಕ್ಸ್) 5 ಲಕ್ಷದವರೆಗೆ 13 ಪರ್ಸೆಂಟ್, 5ರಿಂದ 10 ಲಕ್ಷಕ್ಕೆ 14, 10ರಿಂದ 20 ಲಕ್ಷಕ್ಕೆ 17, ಅದರ ಮೇಲೆ 18. ಇನ್ಕಮ್ ಟ್ಯಾಕ್ಸ್ ಥರ 10 ಲಕ್ಷದ ಮೇಲಿನ ಭಾಗಕ್ಕೆ ಮಾತ್ರ ಜಾಸ್ತಿ ಅಂತ ಅಲ್ಲ, ಗೆರೆ ದಾಟಿದ್ರೆ ಪೂರ್ತಿ ಬೆಲೆಗೇ 17. ಅಂದ್ರೆ 10.27 ಲಕ್ಷಕ್ಕೆ 1,74,590 ಆಗುತ್ತಿದ್ದ ಟ್ಯಾಕ್ಸ್ 9.40ಕ್ಕೆ 1,31,600 ಆಯಿತು. ಬೆಲೆಯಲ್ಲಿ 87 ಸಾವಿರ, ಟ್ಯಾಕ್ಸ್‌ನಲ್ಲಿ 43 ಸಾವಿರ, ಅದರ ಮೇಲಿನ ಸೆಸ್ಸು ಬೇರೆ. ಬೆಂಗಳೂರಿನವನ ಹಬ್ಬದ ಆಫರ್ 30 ಸಾವಿರ! ಆ 30 ಸಾವಿರವನ್ನು ಅವನು ಎಷ್ಟು ಪ್ರೀತಿಯಿಂದ ಕೊಡೋಕೆ ಬಂದಿದ್ದ ಅಂತ ನೆನಸಿಕೊಂಡ್ರೆ ಈಗಲೂ ನಗು ಬರುತ್ತದೆ.

ಈ 10 ಲಕ್ಷದ ಗೆರೆ ಇದೆಯಲ್ಲ, ವೇರಿಯಂಟ್ ಮಾರೋವಾಗಲೂ ಇದೇ ಆಟ. "ಮೇಡಂ, ಟಾಪ್ ಎಂಡ್‌ಗೆ 90 ಸಾವಿರ ಅಷ್ಟೇ ಡಿಫರೆನ್ಸ್, ಇಎಂಐನಲ್ಲಿ ಗೊತ್ತೇ ಆಗಲ್ಲ" ಅಂತಾರೆ. 9.40ರಿಂದ 10.30ಕ್ಕೆ ಹೋದ್ರೆ 90 ಸಾವಿರ ಅಷ್ಟೇ ಅಲ್ಲ, ಟ್ಯಾಕ್ಸ್ 43,500 ಜಾಸ್ತಿ. 10 ಲಕ್ಷ ದಾಟಿದ್ದಕ್ಕೆ 1 ಪರ್ಸೆಂಟ್ ಟಿಸಿಎಸ್ (ಮಾರೋವಾಗಲೇ ಹಿಡಿಯೋ ಇನ್ಕಮ್ ಟ್ಯಾಕ್ಸ್) ಅಂತ 10,300 ಬೇರೆ ಕಟ್ಟಬೇಕು. ಟಿಸಿಎಸ್ ನಿಮ್ಮ ಪ್ಯಾನ್‌ಗೆ ಜಮಾ ಆಗುತ್ತದೆ, ರಿಟರ್ನ್ ಹಾಕುವಾಗ ವಾಪಸ್ ಸಿಗುತ್ತದೆ. ಹೀಗೆ ವಾಪಸ್ ಸಿಗುತ್ತದೆ ಅಂತ ಬಾಯಿಬಿಟ್ಟು ಹೇಳೋ ಸೇಲ್ಸ್‌ನವರು ಸಿಕ್ಕಿದ್ರೆ ಆ ಶೋರೂಮ್‌ಗೆ ಒಂದು ಮಾರ್ಕ್ಸ್ ಜಾಸ್ತಿ ಕೊಡಿ.

ಬೆಂಗಳೂರಿನಲ್ಲಿ ತಗೊಂಡ್ರೆ ಕಡಿಮೆ ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ. ಟ್ಯಾಕ್ಸು ರಾಜ್ಯಕ್ಕೆಲ್ಲ ಒಂದೇ. ಎಕ್ಸ್ ಶೋರೂಮ್ ಬೆಲೆ ಇಡೋದು ಕಂಪನಿ. ಹಾಗಿದ್ರೂ ಎರಡು ಕೊಟೇಶನ್‌ನ ಆನ್‌ರೋಡ್ ಬೆಲೆಯಲ್ಲಿ 20-25 ಸಾವಿರ ವ್ಯತ್ಯಾಸ ಬಂದ್ರೆ ಅದು ಇನ್ಶೂರೆನ್ಸ್‌ನಲ್ಲೋ, "ಹ್ಯಾಂಡ್ಲಿಂಗ್"ನಲ್ಲೋ, "ಎಸೆನ್ಷಿಯಲ್ ಕಿಟ್"ನಲ್ಲೋ ಇರುತ್ತದೆ. ಬೇರೆಲ್ಲೂ ಹುಡುಕಬೇಡಿ.

ಇನ್ಶೂರೆನ್ಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಅತಿ ಹೆಚ್ಚು ಸುಳ್ಳು ಕೇಳಿದ್ದು ಇಲ್ಲೇ. ಹೊಸ ಕಾರಿಗೆ ಥರ್ಡ್ ಪಾರ್ಟಿ, ಅಂದ್ರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗೋ ನಷ್ಟದ ಪಾಲಿಸಿ, 3 ವರ್ಷದ್ದು ಒಟ್ಟಿಗೆ ತಗೋಬೇಕು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2018ರ ಸೆಪ್ಟೆಂಬರ್‌ನಿಂದ ಇದು ಕಡ್ಡಾಯ. ಇದರ ದರ ಸರ್ಕಾರ ನಿಗದಿ ಮಾಡೋದು. ನಾನು ತಗೊಂಡಾಗ 1000 ಸಿಸಿಯಿಂದ 1500 ಸಿಸಿ ಕಾರಿಗೆ 2022ರ ದರದಂತೆ 10,640 ರೂಪಾಯಿ, ಜಿಎಸ್‌ಟಿ ಬೇರೆ. ಯಾವ ಕಂಪನಿಗೆ ಹೋದ್ರೂ ಅಷ್ಟೇ. ಓನ್ ಡ್ಯಾಮೇಜ್ ಅಂದ್ರೆ ನಮ್ಮ ಕಾರಿಗೇ ಆಗೋ ನಷ್ಟದ ಪಾಲಿಸಿ, ಅದು 1 ವರ್ಷಕ್ಕೆ ಸಾಕು. ನಿಮ್ಮ ಕೈಲಿ ಎಷ್ಟು ಕೀಳಬೇಕು ಅನ್ನೋ ಆಟವೆಲ್ಲ ನಡೆಯೋದು ಈ ಭಾಗದಲ್ಲಿ. ನಿಲ್ ಡೆಪ್ (ಸವೆತ ಕಳೆಯದೆ ಕ್ಲೇಮ್ ಕೊಡೋದು), ಇಂಜಿನ್ ಪ್ರೊಟೆಕ್ಟ್, ರಿಟರ್ನ್ ಟು ಇನ್‌ವಾಯ್ಸ್ (ಕಾರು ಪೂರ್ತಿ ಹೋದ್ರೆ ಬಿಲ್ ಬೆಲೆ ಕೊಡೋದು), ಕೀ ಕಳೆದ್ರೆ, ಟೈರ್ ಹೋದ್ರೆ, ಬ್ಯಾಗ್ ಕಳೆದ್ರೆ ಅಂತ ಎಕ್ಸ್‌ಟ್ರಾ ಕವರ್ ಎಲ್ಲ ಸೇರಿಸಿ ಬೆಂಗಳೂರಿನವನು 52 ಸಾವಿರ ಬರೆದಿದ್ದ. ಅದೇ ಇನ್ಶೂರೆನ್ಸ್ ಕಂಪನಿ, ಅದೇ ಐಡಿವಿ (ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆ), ನನಗೆ ಬೇಕಾದ ಕವರ್‌ಗಳು ಅಷ್ಟನ್ನೂ ಇಟ್ಟುಕೊಂಡು ನನಗೆ ಪರಿಚಯದ ಏಜೆಂಟ್ 36 ಸಾವಿರಕ್ಕೆ ಕೊಟೇಶನ್ ಕಳಿಸಿದರು.

ಅದನ್ನು ಬೆಂಗಳೂರಿನವನಿಗೆ ತೋರಿಸಿದ್ದೇ ತಡ, ಮಾತಿನ ಧಾಟಿಯೇ ಬದಲಾಯಿತು. ಮೊದಲು "ಹೊರಗಿನ ಇನ್ಶೂರೆನ್ಸ್ ಅಲೋ ಇಲ್ಲ ಮೇಡಂ" ಅಂದ. ಬರೆದು ಕೊಡಿ ಅಂದೆ. ಆಮೇಲೆ "ಅಲೋ ಇದೆ, ಆದ್ರೆ ಡಿಸ್ಕೌಂಟ್ ಸಿಗಲ್ಲ." ಆಮೇಲೆ "ಕ್ಲೇಮ್ ಆದಾಗ ನಮ್ಮ ವರ್ಕ್‌ಶಾಪ್‌ನಲ್ಲಿ ಕ್ಯಾಶ್‌ಲೆಸ್ ಬರಲ್ಲ." ನನ್ನ ಜೊತೆ ನಮ್ಮ ಭಾವ ಬಂದಿದ್ದರು. ಅಷ್ಟು ಹೊತ್ತೂ ಪ್ರಶ್ನೆ ಕೇಳಿದ್ದು ನಾನು, ಆ ಹುಡುಗ ಉತ್ತರ ಹೇಳಿದ್ದು ಭಾವನ ಮುಖ ನೋಡಿಕೊಂಡು. (ಇದರ ಬಗ್ಗೆ ಬೇರೆಯೇ ಪೋಸ್ಟ್ ಬರೀಬೇಕು.) ಭಾವ "ಹೋಗ್ಲಿ ಬಿಡಮ್ಮ, ಯಾಕೆ ತಲೆನೋವು" ಅಂದ್ರು. ನಾನು ಬಿಡಲಿಲ್ಲ.

ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸೋ ಐಆರ್‌ಡಿಎಐ 2017ರಲ್ಲೇ ನಿಯಮ ಮಾಡಿದೆ, ಡೀಲರ್ ಇನ್ಶೂರೆನ್ಸ್ ಮಾರಬಹುದು, ತಮ್ಮ ಹತ್ತಿರವೇ ತಗೋಬೇಕು ಅಂತ ಬಲವಂತ ಮಾಡೋ ಹಾಗಿಲ್ಲ. ಕ್ಯಾಶ್‌ಲೆಸ್ ಸಿಗೋದು ಇನ್ಶೂರೆನ್ಸ್ ಕಂಪನಿಗೂ ಆ ವರ್ಕ್‌ಶಾಪ್‌ಗೂ ಒಪ್ಪಂದ ಇದೆಯಾ ಅನ್ನೋದರ ಮೇಲೆ. ಪಾಲಿಸಿ ಯಾರ ಕೈಯಿಂದ ಬಂತು ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಹಾಗಂತ ಡೀಲರ್ ಇನ್ಶೂರೆನ್ಸ್ ಕೆಟ್ಟದ್ದು ಅಂತ ಅಲ್ಲ, ಗುದ್ದಿಸಿಕೊಂಡು ಹೋದಾಗ ಎಲ್ಲ ಕಾಗದ ಅವರೇ ಓಡಾಡಿ ಮಾಡಿಸ್ತಾರೆ, ಅದು ದೊಡ್ಡ ಉಪಕಾರವೇ. ತುಮಕೂರಿನವರು ನನ್ನ ಏಜೆಂಟ್ ಕೊಟೇಶನ್ ನೋಡಿ, ಒಳಗೆ ಹೋಗಿ ಬಂದು, 38 ಸಾವಿರಕ್ಕೆ ಮಾಡಿಕೊಡ್ತೀವಿ, ಇಷ್ಟ ಇದ್ರೆ ತಗೊಳ್ಳಿ, ಇಲ್ಲಾಂದ್ರೆ ಹೊರಗಿನದೇ ತನ್ನಿ ಅಂದ್ರು. 2 ಸಾವಿರ ಜಾಸ್ತಿ ಕೊಟ್ಟು ಅವರ ಹತ್ತಿರವೇ ತಗೊಂಡೆ. ಬಲವಂತ ಇಲ್ಲದಿದ್ದಾಗ ಕೊಡೋಕೂ ಮನಸ್ಸು ಬರುತ್ತದೆ ನೋಡಿ.

ಹ್ಯಾಂಡ್ಲಿಂಗ್ ಚಾರ್ಜ್, ಲಾಜಿಸ್ಟಿಕ್ಸ್, ಡಿಪೋ ಚಾರ್ಜ್, ಹೆಸರು ಏನೇ ಇರಲಿ, ಕೊಡಬೇಡಿ. ಕಾರನ್ನು ಶೋರೂಮ್‌ಗೆ ತರೋ ಖರ್ಚು ಎಕ್ಸ್ ಶೋರೂಮ್ ಬೆಲೆಯಲ್ಲೇ ಸೇರಿದೆ. ಆಕ್ಸೆಸರೀಸ್ ವಿಷಯಕ್ಕೆ ಬಂದ್ರೆ, ಮ್ಯಾಟು, ಮಡ್ ಫ್ಲ್ಯಾಪು, ಸೀಟ್ ಕವರ್ ಹಾಕಿ 25 ಸಾವಿರದ "ಕಂಪಲ್ಸರಿ ಪ್ಯಾಕೇಜ್" ಅಂತಾರೆ. ಬೆಂಗಳೂರಿನ ಜೆ.ಸಿ. ರೋಡ್‌ಗೆ ಒಂದು ಸಲ ಹೋಗಿ ಬಂದ್ರೆ ಇದರ ನಿಜವಾದ ರೇಟ್ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ವೈರ್ ಕತ್ತರಿಸಿ ಜೋಡಿಸೋ ಲೈಟು, ಹಾರ್ನು, ಮ್ಯೂಸಿಕ್ ಸಿಸ್ಟಮ್ ಹೊರಗೆ ಹಾಕಿಸಿದ್ರೆ ವಾರಂಟಿ ತಕರಾರು ಬರಬಹುದು. ಸೀಟ್ ಕವರ್‌ಗೆ ಆ ಭಯ ಇಲ್ಲ, ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ರೆ ಅದಕ್ಕೆ ಹೊಂದೋದನ್ನೇ ಕೇಳಿ ಹಾಕಿಸಿ. ಟೆಫ್ಲಾನ್ ಕೋಟಿಂಗ್ ಬಗ್ಗೆ ನಾನು ಮಾತಾಡೋದೇ ಇಲ್ಲ, ಬಿಪಿ ಏರುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯ ಅಂತ ನನಗನಿಸಿದ್ದು. ಗಾಡಿ ರಿಜಿಸ್ಟ್ರೇಷನ್ ಆಗೋಕೆ ಮುಂಚೆ, ಪೂರ್ತಿ ದುಡ್ಡು ಕಟ್ಟೋಕೆ ಮುಂಚೆ, ನಿಮಗೆ ಕೊಡೋ ಅದೇ ಕಾರನ್ನು ನೋಡಬೇಕು. ಚಾಸಿಸ್ ನಂಬರ್ ಬರೆದುಕೊಳ್ಳಿ. ಶೋರೂಮ್ ಮಧ್ಯೆ ಲೈಟ್ ಕೆಳಗೆ ಹೊಳೀತಾ ನಿಂತಿರೋ ಡಿಸ್‌ಪ್ಲೇ ಕಾರನ್ನಲ್ಲ, ಸ್ಟಾಕ್‌ಯಾರ್ಡ್‌ನಲ್ಲಿ ಧೂಳು ಹಿಡಿದು ನಿಂತಿರೋದನ್ನು, ಹಗಲು ಹೊತ್ತಲ್ಲೇ ನೋಡಿ. ಟೈರ್ ಮೇಲೆ ಕೊನೇಲಿ ನಾಲ್ಕು ಅಂಕಿ ಇರುತ್ತದೆ, 2325 ಅಂತ ಇದ್ರೆ 2025ರ 23ನೇ ವಾರದ್ದು. ಐದೂ ಟೈರ್ ಹೆಚ್ಚುಕಡಿಮೆ ಒಂದೇ ಸಮಯದ್ದು ಇರಬೇಕು. ಒಂದು ಬಾಗಿಲ ಬಣ್ಣ ಮಾತ್ರ ಸ್ವಲ್ಪ ಬೇರೆ ಕಂಡ್ರೆ, ಬೋಲ್ಟ್ ಮೇಲೆ ಸ್ಪ್ಯಾನರ್ ಗುರುತಿದ್ರೆ, ಲಾರಿಯಿಂದ ಇಳಿಸುವಾಗ ತಗುಲಿದ್ದನ್ನು ರಿಪೇರಿ ಮಾಡಿದ್ದಾರೆ ಅಂತ ಅನುಮಾನ ಪಡಿ. ಸೇಲ್ ಸರ್ಟಿಫಿಕೇಟ್ ಅಂದ್ರೆ ಫಾರ್ಮ್ 21ರಲ್ಲಿ ತಯಾರಾದ ತಿಂಗಳು, ವರ್ಷ ಬರೆದಿರಲೇಬೇಕು. ಮುಂದೆ ನೀವು ಕಾರು ಮಾರುವಾಗ ಲೆಕ್ಕಕ್ಕೆ ಬರೋದು ಆ ವರ್ಷ. ಡಿಸೆಂಬರ್ ಡಿಸ್ಕೌಂಟ್‌ನಲ್ಲಿ ಕೊಡೋ ಕಾರು ಕೆಲವು ಸಲ ಅದೇ ವರ್ಷದ ಮಾರ್ಚ್‌ನಿಂದ ಬಿಸಿಲಲ್ಲಿ ನಿಂತಿರುತ್ತದೆ. ಹಾಗಂತ ಹೇಳಿ, ಅದಕ್ಕೆ ತಕ್ಕ ಹಾಗೆ ರೇಟ್ ಇಳಿಸಿ ಕೊಟ್ರೆ ತಪ್ಪೇನಿಲ್ಲ, ಎಷ್ಟೋ ಜನ ಖುಷಿಯಿಂದ ತಗೋತಾರೆ.

ಇದನ್ನು ಮುಚ್ಚಿಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಗೋವಾದ ಕೇಸು ನೋಡಿ. 2011ರ ಮಾಡೆಲ್ ಅಂತ ಪೂರ್ತಿ ದುಡ್ಡು ಕೊಟ್ಟವರಿಗೆ ಡೀಲರ್ 2009ರ, ಅದಾಗಲೇ 622 ಕಿಲೋಮೀಟರ್ ಓಡಿದ್ದ ಕಾರು ಕೊಟ್ಟಿದ್ದ. ಆ ಮನುಷ್ಯ ಬಿಡದೆ ಹೋರಾಡಿ, ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2021ರಲ್ಲಿ ತೀರ್ಪು ಬಂತು. ಕೋರ್ಟ್ ಡೀಲರ್‌ನ ಹೊಣೆಯನ್ನು ಹಾಗೇ ಉಳಿಸಿತು, ಆದ್ರೆ ಕಾರು ತಯಾರಿಸಿದ ಕಂಪನಿಗೆ ಈ ವಿಷಯ ಗೊತ್ತಿತ್ತು ಅಂತ ತೋರಿಸದೆ ಅದರ ಮೇಲೆ ಹೊಣೆ ಹಾಕೋಕೆ ಆಗಲ್ಲ ಅಂತ ಬಿಟ್ಟಿತು. "ದೊಡ್ಡ ಕಂಪನಿ, ಮೋಸ ಆಗಲ್ಲ ಬಿಡಿ" ಅನ್ನೋರು ಇದನ್ನು ಓದಬೇಕು. ನಿಮ್ಮ ವ್ಯವಹಾರ ಇರೋದು ಬೋರ್ಡ್ ಮೇಲಿನ ದೊಡ್ಡ ಹೆಸರಿನ ಜೊತೆ ಅಲ್ಲ, ಅದರ ಕೆಳಗೆ ಸಣ್ಣದಾಗಿ ಬರೆದಿರೋ ಡೀಲರ್ ಜೊತೆ.

ಹಳೇ ಕಾರು ಎಕ್ಸ್‌ಚೇಂಜ್‌ಗೆ ಕೊಡೋರು ರೇಟ್ ಚೌಕಾಸಿ ಮಾಡ್ತಾರೆ, ಆರ್‌ಸಿ ಮರೆತುಬಿಡ್ತಾರೆ. ಮಾಲೀಕರ ಹೆಸರು ಬದಲಾಯಿಸೋಕೆ ಬೇಕಾದ ಫಾರ್ಮ್ 29, 30ಕ್ಕೆ ಖಾಲಿ ಇರುವಾಗಲೇ ಸಹಿ ಹಾಕಿ ಕೊಟ್ಟು ಬರೋದು ನಮ್ಮಲ್ಲಿ ಮಾಮೂಲಿ. ಆ ಕಾರು ಎರಡು ಮೂರು ಕೈ ಬದಲಾಗಿ ಎಲ್ಲೋ ಸಿಗ್ನಲ್ ಜಂಪ್ ಮಾಡಿದ್ರೆ ಚಲನ್ ನಿಮಗೆ, ಆಕ್ಸಿಡೆಂಟ್ ಆದ್ರೆ ಪೊಲೀಸರು ಬರೋದೂ ನಿಮ್ಮ ಮನೆಗೆ. 2023ರ ಏಪ್ರಿಲ್‌ನಿಂದ ಹೊಸ ನಿಯಮ ಬಂದಿದೆ. ಹಳೇ ಗಾಡಿ ವ್ಯಾಪಾರ ಮಾಡೋ ಡೀಲರ್ ಆರ್‌ಟಿಒದಿಂದ ಅನುಮತಿ ಪಡೆದಿರಬೇಕು, ಗಾಡಿ ಅವರ ಕೈಗೆ ಕೊಟ್ಟಿದ್ದನ್ನು ಪೋರ್ಟಲ್‌ನಲ್ಲಿ ತಿಳಿಸಿದ್ರೆ ಅಲ್ಲಿಂದಾಚೆ ಅವರೇ ಮಾಲೀಕರು ಅಂತ ಲೆಕ್ಕ. "ನಿಮ್ಮ ಹತ್ತಿರ ಆ ಅನುಮತಿ ಇದೆಯಾ" ಅಂತ ಶೋರೂಮ್‌ನವರನ್ನು ಕೇಳಿ. ಬೆಂಗಳೂರಿನವನು "ಅದೆಲ್ಲ ಏನೂ ಬೇಡ ಮೇಡಂ, ನಾವಿದ್ದೀವಲ್ಲ" ಅಂದ. ತುಮಕೂರಿನವರು ಗಾಡಿ ತಗೊಂಡ ತಾರೀಕು, ಸಮಯ, ಕಿಲೋಮೀಟರ್ ಬರೆದು, ಸೀಲ್ ಹಾಕಿ ಕಾಗದ ಕೊಟ್ರು, ಆಮೇಲೆ ಹೆಸರು ಬದಲಾದ ಮೆಸೇಜೂ ನನ್ನ ಫೋನ್‌ಗೆ ಬಂತು.

ಇಷ್ಟೆಲ್ಲ ನೋಡಿಯೂ ಮೋಸ ಆದ್ರೆ ಮೊದಲು 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. ಸರಿಹೋಗಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವು ಇರೋ ಊರಲ್ಲೇ ದೂರು ಕೊಡಬಹುದು, ಬೆಂಗಳೂರಿನ ಶೋರೂಮ್ ಮೇಲೆ ತುಮಕೂರಲ್ಲೇ ಕೇಸು ಹಾಕಬಹುದು. 5ರಿಂದ 10 ಲಕ್ಷದ ಕಾರಿಗೆ ಫೀಸು 200 ರೂಪಾಯಿ, ವಕೀಲರೇ ಬೇಕು ಅಂತ ಇಲ್ಲ. ಬೇಕಾಗೋದು ಕಾಗದ: ಲೆಟರ್‌ಹೆಡ್ ಮೇಲಿನ ಕೊಟೇಶನ್, ಬುಕಿಂಗ್ ರಸೀದಿ, ಇನ್‌ವಾಯ್ಸ್. ಬೆಂಗಳೂರಿನ ಶೋರೂಮ್‌ನವರು ನನಗೆ ಕೊನೆವರೆಗೂ ಲೆಟರ್‌ಹೆಡ್ ಮೇಲೆ ಕೊಟೇಶನ್ ಕೊಡಲಿಲ್ಲ, ಕಾರಿನ ಬ್ರೋಷರ್ ಹಿಂದೆ ಪೆನ್ಸಿಲ್‌ನಲ್ಲಿ ಲೆಕ್ಕ ಬರೆದುಕೊಟ್ಟಿದ್ದರು. ಈಗಲೂ ವಾರಕ್ಕೊಂದು ಸಲ ಅಲ್ಲಿಂದ ಫೋನ್ ಬರುತ್ತದೆ, "ಮೇಡಂ, ಇನ್ನೂ ಕಾರು ನೋಡ್ತಿದ್ದೀರಾ?"