ಮಾತ್ರೆಯಿಲ್ಲದೆ ಬಿಪಿ ಹತೋಟಿಗೆ ಬರುತ್ತದೆಯೇ? ಪರ-ವಿರೋಧ

ಪರ: ಕಾರಣ ಭರಣಿಯಲ್ಲಿದೆ
(ನಿವೃತ್ತ ಶಿಕ್ಷಕಿ, ಚಿಕ್ಕಮಗಳೂರು)

ಬರುತ್ತದೆ. ನಾನೇ ಮಾಡಿ ನೋಡಿದ್ದೇನೆ. ನಾಲ್ಕು ವರ್ಷದ ಹಿಂದೆ ನನ್ನ ಬಿಪಿ 146/94 ಇತ್ತು. ಮಾತ್ರೆ ಬರೆಯುವ ಮೊದಲು ವೈದ್ಯರು ಮೂರು ತಿಂಗಳು ಕೊಟ್ಟು, ಉಪ್ಪು ಇಳಿಸಿ, ನಡೆಯಿರಿ ಎಂದರು. ಮನೆಗೆ ಬಂದವಳೇ ಉಪ್ಪಿನ ಲೆಕ್ಕ ಹಾಕಿದೆ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಲ್ಕು ಜನರಿಗೆ ತಿಂಗಳಿಗೆ 600 ಗ್ರಾಂ ಆಯಿತು. ನಮ್ಮಲ್ಲಿ ಒಂದು ಕಿಲೋ ಪೊಟ್ಟಣ ಮೂರು ವಾರವೂ ಬರುತ್ತಿರಲಿಲ್ಲ. ಉಪ್ಪಿನಕಾಯಿಗೆ ಸುರಿಯುವ ಕಲ್ಲುಪ್ಪು ಬೇರೆ!

ಮಲೆನಾಡಿನ ಅಡುಗೆಮನೆ ಮಳೆಗಾಲದ ಭಯಕ್ಕೆ ಕಟ್ಟಿಕೊಂಡದ್ದು. ಮಾವಿನ ಮಿಡಿ, ಉಪ್ಪುನೀರಿನಲ್ಲಿಟ್ಟ ಹಲಸಿನ ತೊಳೆ, ಹಪ್ಪಳ, ಬಾಳಕದ ಮೆಣಸು. ವರ್ಷವಿಡೀ ತರಕಾರಿ ಸಿಗುವ ಈ ಕಾಲದಲ್ಲೂ ಅವೆಲ್ಲ ಎಲೆಯ ತುದಿಗೆ ಬೇಕೇ ಬೇಕು. ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ, ರಕ್ತದ ಪ್ರಮಾಣ ಹೆಚ್ಚುತ್ತದೆ, ನಾಳಗಳ ಮೇಲೆ ಒತ್ತಡ ಏರುತ್ತದೆ. ಕಾರಣ ಭರಣಿಯಲ್ಲಿರುವಾಗ ಪರಿಹಾರವನ್ನು ಔಷಧಿ ಅಂಗಡಿಯಲ್ಲಿ ಹುಡುಕುವುದೇಕೆ?

ಮಜ್ಜಿಗೆಗೆ ಉಪ್ಪು ಹಾಕುವುದನ್ನು ಬಿಟ್ಟೆ. ಅಕ್ಕಿರೊಟ್ಟಿಗೆ ಉಪ್ಪು ಅರ್ಧ ಮಾಡಿ ಸಬ್ಬಸಿಗೆ, ಜೀರಿಗೆ ಹೆಚ್ಚಿಸಿದೆ. ಎಂಬತ್ತು ದಾಟಿದ ಅತ್ತೆಯವರು ಎರಡು ದಿನ ಮಾತು ಬಿಟ್ಟರು. ಮೂರನೇ ವಾರಕ್ಕೆ ಎಲ್ಲರ ನಾಲಿಗೆಯೂ ಒಗ್ಗಿತು. ಈಗ ಹೋಟೆಲಿನ ಸಾಂಬಾರನ್ನು ಅತ್ತೆಯವರೇ ಉಪ್ಪು ಎಂದು ಪಕ್ಕಕ್ಕೆ ಸರಿಸುತ್ತಾರೆ. ದಿನಕ್ಕೆ ನಲವತ್ತು ನಿಮಿಷ ನಡೆದು ಐದು ಕಿಲೋ ಇಳಿದೆ. ಮೂರು ತಿಂಗಳಿಗೆ 128/82. ಇಂದಿಗೂ ಮಾತ್ರೆಯಿಲ್ಲ.

ಮಾತ್ರೆಯೇ ಬೇಕೆನ್ನುವವರ ಮನಸ್ಸು ನನಗೆ ಗೊತ್ತು. ಒಂದು ಗುಳಿಗೆ ನುಂಗಿಬಿಟ್ಟರೆ ಉಪ್ಪಿನಕಾಯಿಯನ್ನು ಎಷ್ಟಾದರೂ ಬಡಿಸಿಕೊಳ್ಳಬಹುದು ಎಂಬ ಆಸೆ ಅದು.

ವಿರೋಧ: ಎಲ್ಲರದೂ ಅಂಚಿನ ಬಿಪಿಯಲ್ಲ
(ಔಷಧಿ ಅಂಗಡಿಯವರು, ಹಾಸನ)

ಈ ಪಕ್ಷ ವಹಿಸಿ ಬರೆಯಲು ನನಗೆ ಹೇಳಿದ್ದಾರೆ. ಉಪ್ಪು ಇಳಿಸುವುದಕ್ಕೆ ನನ್ನ ತಕರಾರಿಲ್ಲ. ನಾನೂ ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ನಡೆಯುವವನು. ಆದರೆ ಉಪ್ಪು, ತೂಕ, ನಡಿಗೆ ಎಲ್ಲ ಕೂಡಿದರೂ ಇಳಿಯುವುದಕ್ಕೆ ಮಿತಿಯಿದೆ. 170/110 ಇರುವವರು ಅದನ್ನೇ ನಂಬಿ ಕೂರುವಂತಿಲ್ಲ.

ಸಕಲೇಶಪುರದ ಕಡೆಯ ತೋಟಗಳಿಂದ ಹೆಣ್ಣುಮಕ್ಕಳು ಮಾತ್ರೆಗೆ ಬರುತ್ತಾರೆ. ಇಳಿಜಾರಿನಲ್ಲಿ ದಿನವಿಡೀ ಕಾಫಿ ಹಣ್ಣು ಕೊಯ್ದು ಮೂಟೆ ಹೊತ್ತವರು, ಮೈಯಲ್ಲಿ ಬೊಜ್ಜಿಲ್ಲ. ಅವರಿಗೆ ಇನ್ನೆಷ್ಟು ನಡೆಯಿರಿ ಎನ್ನಲಿ? ವಯಸ್ಸು, ವಂಶ, ಮೂತ್ರಪಿಂಡದ ತೊಂದರೆ ಯಾರ ಕೈಯಲ್ಲೂ ಇಲ್ಲ.

ಸೋಡಿಯಂ ಕಡಿಮೆಯಿರುವ ಉಪ್ಪು ಕೇಳುವವರೂ ಹೆಚ್ಚಿದ್ದಾರೆ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ಸೋತವರಿಗೆ ಅದು ಅಪಾಯ. ವೈದ್ಯರನ್ನು ಕೇಳದೆ ಒಯ್ಯಬೇಡಿ.

ನನ್ನನ್ನು ನಿಜಕ್ಕೂ ಕಾಡುವವರು ಬೇರೆ. ತಿಂಗಳು ತಿಂಗಳು ಬಿಪಿ ಮಾತ್ರೆ ಅಮ್ಲೋಡಿಪಿನ್ ಒಯ್ಯುತ್ತಿದ್ದವರು ಒಂದು ದಿನ, "ಈಗ ನಾರ್ಮಲ್ ಇದೆ, ಇನ್ನು ಬೇಡ" ಎನ್ನುತ್ತಾರೆ. ಮಾತ್ರೆಯಿಂದಲೇ ನಾರ್ಮಲ್ ಆಗಿರುವುದು ಎಂದು ಹೇಳುವಷ್ಟರಲ್ಲಿ ಬಸ್ಸಿನ ಹೊತ್ತಾಯಿತೆಂದು ಹೊರಟುಬಿಟ್ಟಿರುತ್ತಾರೆ.