ಕಡತಕ್ಕೊಂದು ಸಂಖ್ಯೆ ಸಾಕೇ?

ನಾನು ಕೆಲಸ ಮಾಡುವ ಟೊರಾಂಟೊದ ಕಚೇರಿಯಲ್ಲಿ ಕಟ್ಟಡದ ಸ್ಪೆಸಿಫಿಕೇಶನ್‌ಗಳೆಲ್ಲ, ಅಂದರೆ ಸಾಮಗ್ರಿಯೂ ಕೆಲಸವೂ ಹೇಗಿರಬೇಕೆಂಬ ಲಿಖಿತ ಷರತ್ತುಗಳೆಲ್ಲ, ಮಾಸ್ಟರ್‌ಫಾರ್ಮ್ಯಾಟ್ ಎಂಬ ಉತ್ತರ ಅಮೆರಿಕದ ಸಂಖ್ಯಾವಾರು ವಿಂಗಡಣೆಯ ಕ್ರಮದಲ್ಲಿವೆ. 2004ರಲ್ಲಿ 16 ವಿಭಾಗಗಳಿಂದ 50ಕ್ಕೆ ಬೆಳೆದ ಈ ಕ್ರಮದಲ್ಲಿ ಕಾಂಕ್ರೀಟಿಗೆ 03, ಉಷ್ಣ ಮತ್ತು ತೇವ ತಡೆಗೆ 07, ಮಣ್ಣಿನ ಕೆಲಸಕ್ಕೆ 31. ನಮ್ಮ ಕೊಡಗಿನಲ್ಲಿ ಸಿಪಿಡಬ್ಲ್ಯುಡಿ (ಕೇಂದ್ರ ಲೋಕೋಪಯೋಗಿ ಇಲಾಖೆ) ಸ್ಪೆಸಿಫಿಕೇಶನ್ ಆಧರಿಸಿದ ಪಿಡಿಎಫ್‌ಗಳು ಕಾಮಗಾರಿಯ ಹೆಸರಿನ ಫೋಲ್ಡರಿನಲ್ಲಿರುತ್ತವೆ. ಶಿಸ್ತಿನಲ್ಲಿ ಟೊರಾಂಟೊದ್ದು ಮೇಲು. ಆದರೂ ಒಂದು ಷರತ್ತಿಗೆ ಒಂದೇ ಜಾಗ ಎಂಬ ಮಿತಿ ಎರಡಕ್ಕೂ ಇದೆ. ಇದಕ್ಕೆ ಪರಿಹಾರ ಟ್ಯಾಗ್, ಅಂದರೆ ಹುಡುಕಲು ನೆರವಾಗುವಂತೆ ಷರತ್ತಿಗೆ ಅಂಟಿಸುವ ಗುರುತಿನ ಪದ.

ಮಡಿಕೇರಿಯಲ್ಲಿ ಜೂನ್ ಹತ್ತಿರವಾದಾಗ ಎಂಜಿನಿಯರ್ ಕೇಳುವುದು ‘ಐದನೆಯ ಅಧ್ಯಾಯದಲ್ಲಿ ಏನಿದೆ’ ಎಂದಲ್ಲ, ‘ಮಳೆ ಹಿಡಿಯುವ ಮುನ್ನ ಏನೇನು ಮುಗಿಯಬೇಕು’ ಎಂದು. ಅದಕ್ಕೆ ಉತ್ತರ ಸಿಪಿಡಬ್ಲ್ಯುಡಿಯ ಹಲವು ಅಧ್ಯಾಯಗಳಲ್ಲಿ ಚದುರಿಹೋಗಿದೆ: ಪಾಯದ ಮಣ್ಣು ಕಡಿಯುವುದು 2ರಲ್ಲಿ, ಸ್ಲ್ಯಾಬಿನ ಕಾಂಕ್ರೀಟ್ 5ರಲ್ಲಿ, ಮಾಡಿನ ಕೆಲಸ 12ರಲ್ಲಿ, ಜಲನಿರೋಧಕ ಪದರ 22ರಲ್ಲಿ. ತಾರಸಿಗೆ ಇಟ್ಟಿಗೆ ಚೂರಿನ ಕೋಬಾ (ನೀರು ಸೋರದಂತೆ ಹಾಕುವ ಪದರ) ಹಾಕಿದ ಮೇಲೆ ಕ್ಯೂರಿಂಗಿಗೂ (ನೀರುಣಿಸಿ ಗಟ್ಟಿಯಾಗಿಸುವುದಕ್ಕೂ) ಸೋರಿಕೆಯ ಪರೀಕ್ಷೆಗೂ ಕನಿಷ್ಠ ಎರಡು ವಾರ ನೀರು ನಿಲ್ಲಿಸಬೇಕೆಂಬ ಷರತ್ತನ್ನು ಮೇ ಕೊನೆಯಲ್ಲಿ ಓದಿದರೆ ಕಾಲ ಮೀರಿರುತ್ತದೆ. ಈ ಷರತ್ತುಗಳಿಗೆಲ್ಲ ‘ಮಳೆ’ ಎಂಬ ಟ್ಯಾಗ್ ಇದ್ದರೆ, ಅವು ತಮ್ಮ ಅಧ್ಯಾಯ ಬಿಟ್ಟು ಕದಲದೆಯೇ ಒಂದೇ ಹುಡುಕಾಟಕ್ಕೆ ಸಿಗುತ್ತವೆ. ಸರಳು ಕಟ್ಟಿದ್ದು, ಗೋಡೆಯೊಳಗಿನ ಪೈಪು ಇಂಥವನ್ನು ತಪಾಸಣೆಗೆ ತೋರಿಸಲು ‘ಮುಚ್ಚುವ ಮುನ್ನ’, 2018ರ ಆಗಸ್ಟಿನ ಭೂಕುಸಿತ ಕಂಡ ನಾಡಿಗೆ ‘ಇಳಿಜಾರು’ ಎಂಬ ಟ್ಯಾಗ್‌ಗಳೂ ಬೇಕೇ ಬೇಕು. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರವಿರುವುದರಿಂದ, ಸ್ಥಳದ ಟ್ಯಾಗನ್ನೂ ಸೇರಿಸುವುದು ಒಳ್ಳೆಯದು.

ಆದರೆ ಟ್ಯಾಗ್ ಹಾಕುವ ಸ್ವಾತಂತ್ರ್ಯವನ್ನು ಎಲ್ಲರಿಗೂ ಬಿಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಬ್ಬರು ‘ಮಳೆ’, ಇನ್ನೊಬ್ಬರು ‘ಲೀಕೇಜ್’, ಮತ್ತೊಬ್ಬರು ‘ವಾಟರ್‌ಪ್ರೂಫ್’ ಎಂದು ಬರೆದರೆ ಮೂರು ಅರೆಬರೆ ಪಟ್ಟಿಗಳು ಹುಟ್ಟುತ್ತವೆ, ಮತ್ತು ಅರೆಬರೆ ಪಟ್ಟಿಯನ್ನು ಪೂರ್ತಿಯೆಂದು ನಂಬಿ ಕೆಲಸ ಮಾಡುವುದು ಪಟ್ಟಿಯೇ ಇಲ್ಲದಿರುವುದಕ್ಕಿಂತ ಅಪಾಯಕಾರಿ. ಚಿಕ್ಕದಾದ, ಒಪ್ಪಿತವಾದ ಟ್ಯಾಗ್‌ಗಳ ಪಟ್ಟಿಯಿರಲಿ; ಅದಕ್ಕೆ ಹೊಸದನ್ನು ಸೇರಿಸುವ ಅಧಿಕಾರ ಕಚೇರಿಯಲ್ಲಿ ಒಬ್ಬರಿಗೇ ಇರಲಿ. ಟ್ಯಾಗ್ ಬಂತೆಂದು ಸಂಖ್ಯೆಯನ್ನು ಕೈಬಿಡುವಂತೆಯೂ ಇಲ್ಲ, ಏಕೆಂದರೆ ಬಿಲ್ಲಿನಲ್ಲಾಗಲಿ ಗುತ್ತಿಗೆದಾರರೊಡನೆ ತಕರಾರು ಬಂದಾಗಲಾಗಲಿ ನಿಲ್ಲುವುದು ಐಟಂ ಸಂಖ್ಯೆಯೇ.

ಆವೃತ್ತಿಯ ವರ್ಷವನ್ನೂ ಟ್ಯಾಗಿನಲ್ಲಿ ನಮೂದಿಸಬೇಕು. ಸಿಪಿಡಬ್ಲ್ಯುಡಿಯ 2009ರ ಸಂಪುಟಗಳ ನಂತರ 2019ರವು ಬಂದಿವೆ. ಹಳೆಯ ಷರತ್ತಿಗೆ ಹಾಕಿದ ಟ್ಯಾಗನ್ನು ಹೊಸದಕ್ಕೆ ಹಾಗೆಯೇ ಅಂಟಿಸದೆ, ಆ ಷರತ್ತನ್ನು ಮತ್ತೊಮ್ಮೆ ಓದಿದ ಮೇಲೆಯೇ ಹಾಕತಕ್ಕದ್ದು.