ಆದಾಯ ಎಷ್ಟು ಅಂದರೆ ಯಾರು ನಿಜ ಹೇಳುತ್ತಾರೆ?

2025ರ ಸೆಪ್ಟೆಂಬರ್ 22ಕ್ಕೆ ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತಲ್ಲ, ನಾವೆಲ್ಲ ಜಾತಿಗಣತಿ ಅಂತ ಕರೆದದ್ದು, ಅದರಲ್ಲಿ 60 ಪ್ರಶ್ನೆಗಳಿದ್ದವು. ಜಗಳವೆಲ್ಲ ಜಾತಿ ಕಾಲಂ ಬಗ್ಗೆಯೇ ನಡೆಯಿತು. ನನಗೆ ಅನುಮಾನ ಇರುವುದು ಆದಾಯದ ಕಾಲಂ ಮೇಲೆ.

ದಸರಾ ರಜೆಯಲ್ಲಿ ಈ ಗಣತಿಗೆ ಅಂತ ಮೇಷ್ಟ್ರು ಮೊಬೈಲ್ ಹಿಡಿದು ಬರುತ್ತಾರೆ. ಎಷ್ಟೋ ಕಡೆ ನಮ್ಮ ಮಕ್ಕಳಿಗೆ ಪಾಠ ಹೇಳುವವರೇ ಅವರು. ಜಗಲಿ ಮೇಲೆ ಕೂತು, ಅಕ್ಕಪಕ್ಕದವರು ಕೇಳಿಸಿಕೊಳ್ಳುತ್ತಿರುವಾಗಲೇ, 'ವರ್ಷಕ್ಕೆ ಎಷ್ಟು ಬರುತ್ತೆ?' ಅಂತಾರೆ. ಮನೆಯವರ ತಲೆಯಲ್ಲಿ ಓಡುವುದು ಒಂದೇ ಲೆಕ್ಕ: ಜಾಸ್ತಿ ಹೇಳಿ ಬಿಪಿಎಲ್ ಕಾರ್ಡ್ ರದ್ದಾದರೆ? ಕಾರ್ಡ್ ಹೋದರೆ ಅಕ್ಕಿಯೂ ಹೋಯಿತು. ಅಂಥವರು ಕಡಿಮೆ ಹೇಳಿದರೆ ನಾನಂತೂ ಬೈಯಲ್ಲ.

ಉತ್ತರ ಕೊಡುವುದು ಕಡ್ಡಾಯವಲ್ಲ, ಮಾಹಿತಿಯನ್ನು ಗುಟ್ಟಾಗಿಡಬೇಕು ಅಂತ ಹೈಕೋರ್ಟ್ ಹೇಳಿತು. ಸರಿಯೇ. ಆದರೆ ಬಿಸಿಲಲ್ಲಿ ಅಲೆದು, ಸರ್ವರ್ ಕೈಕೊಟ್ಟು ಸುಸ್ತಾಗಿರುವ ಮೇಷ್ಟ್ರಿಗೆ 'ಹೇಳಲ್ಲ' ಅನ್ನಲು ಬಾಯಿ ಬರುತ್ತಾ? ಸುಮ್ನೆ ಏನೋ ಒಂದು ಹೇಳಿ ಮುಗಿಸುತ್ತೇವೆ. ಆ 'ಏನೋ ಒಂದು' ಮುಂದೆ ಅಂಕಿಅಂಶ ಆಗುತ್ತದೆ.

ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ತಮ್ಮ ಸರದಿ ಬಂದಾಗ ಪ್ರಶ್ನೆ ಜಾಸ್ತಿಯಾಯಿತು ಅಂದರು! ಉದ್ದದ ಪಟ್ಟಿ ಹಿಡಿದು ಕೂತರೆ ಯಾರಿಗಾದರೂ ಬೇಸರ ಬರುತ್ತದೆ. ಕೇಂದ್ರದವರು 2022-23ರಲ್ಲಿ ಮನೆಖರ್ಚಿನ ಸಮೀಕ್ಷೆ ಮಾಡಿದಾಗ ಎಲ್ಲವನ್ನೂ ಒಂದೇ ಸಲ ಕೇಳಲಿಲ್ಲ. ಪ್ರಶ್ನೆಗಳನ್ನು ಮೂರು ಪಾಲು ಮಾಡಿ, ಒಂದೇ ಮನೆಗೆ ಮೂರು ತಿಂಗಳು, ತಿಂಗಳಿಗೊಮ್ಮೆ ಹೋದರು. ಆ ಸಮೀಕ್ಷೆ ಆಯ್ದ ಮನೆಗಳಿಗೆ ಮಾತ್ರ, ಒಪ್ಪುತ್ತೇನೆ. ರಾಜ್ಯದ ಪ್ರತಿ ಮನೆಗೂ ಮೂರು ಸಲ ಹೋಗಲು ಆಗಲ್ಲ. ಹಾಗಾದರೆ ಪ್ರಶ್ನೆಗಳನ್ನಾದರೂ ಕಡಿಮೆ ಮಾಡಬಹುದಿತ್ತು.

ಇನ್ನೊಂದು ಸಿಟ್ಟೂ ಇದೆ. 2015ರಲ್ಲೂ ಇಂಥದ್ದೇ ಜಾತಿಗಣತಿಗೆ ಮೇಷ್ಟ್ರು ಬಂದಿದ್ದರು, ಜನ ಉತ್ತರ ಕೊಟ್ಟಿದ್ದರು. ವರದಿ ಸರ್ಕಾರದ ಕೈಗೆ ಬಂದದ್ದು 2024ರ ಫೆಬ್ರವರಿಯಲ್ಲಿ. ಮರುವರ್ಷದ ಜೂನ್‌ನಲ್ಲಿ 'ಹತ್ತು ವರ್ಷ ಹಳೆಯದಾಯಿತು, ಹೊಸದಾಗಿ ಮಾಡೋಣ' ಅಂದರು. ಹಳೆಯದಾಗಲು ಬಿಟ್ಟವರು ಯಾರು ಸ್ವಾಮಿ?

ಈಗ 2027ರ ಜನಗಣತಿ, ಅದರಲ್ಲೂ ಜಾತಿ ಕೇಳುತ್ತಾರೆ. ಅದಕ್ಕಾದರೂ 1948ರ ಜನಗಣತಿ ಕಾಯ್ದೆಯ ರಕ್ಷಣೆ ಇದೆ. ನಾವು ಕೊಟ್ಟ ಮಾಹಿತಿಯನ್ನು ಬೇರೆಯವರು ತೆಗೆದು ನೋಡುವಂತಿಲ್ಲ. ರಾಜ್ಯದ ಸಮೀಕ್ಷೆಗೂ ಇಂಥದ್ದೇ ಗಟ್ಟಿ ಕಾಯ್ದೆ ಬೇಕು. ಜೊತೆಗೆ ಗಣತಿದಾರರ ಕೈಯಲ್ಲಿ ಒಂದು ಮುದ್ರಿತ ಚೀಟಿ ಕೊಟ್ಟು ಕಳಿಸಲಿ: 'ನೀವು ಹೇಳುವ ಆದಾಯ ರೇಷನ್ ಕಾರ್ಡ್ ಇಲಾಖೆಗೆ ಹೋಗುವುದಿಲ್ಲ.' ಕೆಳಗೆ ಅಧಿಕಾರಿಯ ಸಹಿಯೂ ಇರಲಿ.